ಕಡತ ಮುಗಿಸದ ಅಕ್ಕಾರು

ಕಳೆದ ತಿಂಗಳು ತಿರುವನಂತಪುರದಲ್ಲಿ, ಉಳ್ಳೂರಿನ ಒಂದು ಆಸ್ಪತ್ರೆಯಲ್ಲಿ ಅಕ್ಕಾರು ತೀರಿಕೊಂಡರು. ಸುದ್ದಿ ನಮ್ಮ ಕಚೇರಿಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದಾಗ ಕೈಮುಗಿದ ಚಿತ್ರಗಳು ಸಾಲಾಗಿ ಬಿದ್ದವು. ಮೊದಲ ಚಿತ್ರ ಹಾಕಿದವರು ಅಕ್ಕಾರಿಗೆ ಮೆಮೊ ಕೊಟ್ಟ ಸಾಹೇಬರು. ನಾನೂ ಒಂದು ಹಾಕಿದೆ. ಹಾಕಿದ ಮೇಲೆ ನಾಚಿಕೆಯಾಗಿ ಅಳಿಸಿದೆ. ಅಳಿಸಿದ್ದು ಎಲ್ಲರಿಗೂ ಕಾಣುತ್ತದೆ ಎನ್ನುವುದು ಆಮೇಲೆ ಹೊಳೆಯಿತು.

ಅವರ ಹೆಸರು ಬರೆಯುವುದಿಲ್ಲ. ಕೊಚ್ಚಿಯಲ್ಲಿ, ವಿದೇಶಿಯರ ವೀಸಾ ಮತ್ತು ವಾಸದ ಕಾಗದಪತ್ರ ನೋಡುವ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಅವರು ಸೂಪರಿಂಟೆಂಡೆಂಟ್, ನಾನು ಅವರ ಕೈಕೆಳಗಿನ ಸಹಾಯಕಿ. ಇಡೀ ಕಚೇರಿಯಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ. ಅವರದು ಧಾರವಾಡ, ನನ್ನದು ಮೈಸೂರು. ಸೇರಿದ ಮೊದಲ ದಿನ ನಾನು ‘ಮೇಡಂ’ ಎಂದಾಗ ಅವರು ಕನ್ನಡಕದ ಮೇಲಿನಿಂದ ನೋಡಿ, “ಮ್ಯಾಡಂ ಅನ್ನವರು ಇಲ್ಲೆ ಬೇಕಾದಷ್ಟು ಮಂದಿ ಇದ್ದಾರ. ನೀ ಅಕ್ಕಾರ ಅನ್ನು, ಕಿವಿಗೆ ಹಿತ ಆಗ್ತದ,” ಎಂದರು. ಅಂದಿನಿಂದ ಅವರು ಅಕ್ಕಾರು, ನಾನು ತಂಗಿ.

ಇಬ್ಬರೂ ಇದ್ದದ್ದು ಆಲುವದಲ್ಲಿ. ಮೆಟ್ರೊ ಅಲ್ಲಿಂದಲೇ ಹೊರಡುವುದರಿಂದ ಕೂರಲು ಜಾಗ ಖಾತ್ರಿ. ಅಕ್ಕಾರು ಕಿಟಕಿಯ ಪಕ್ಕ ಕೂತು ಟಿಫಿನ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರೆ ಇಳಿಯುವ ನಿಲ್ದಾಣಕ್ಕೇ ಬಿಡುತ್ತಿದ್ದರು. ಆ ಡಬ್ಬಿಯಲ್ಲಿ ಇರುತ್ತಿದ್ದುದು ಹಬೆಯಲ್ಲಿ ಬೇಯಿಸಿದ ಅಕ್ಕಿಹಿಟ್ಟಿನ ಪುಟ್ಟು. ಅದರ ಮೇಲೆ ಕಡಲೆಕರಿಯಲ್ಲ, ಊರಿನಿಂದ ತರಿಸಿದ ಶೇಂಗಾ ಚಟ್ನಿಪುಡಿ ಮತ್ತು ಒಂದು ಚಮಚ ಎಣ್ಣೆ. ಮಲಯಾಳಿ ಸಹೋದ್ಯೋಗಿಗಳು ಅದನ್ನು ನೋಡಿ ಅಯ್ಯೋ ಎನ್ನುತ್ತಿದ್ದರು. ಆಮೇಲೆ ಒಬ್ಬೊಬ್ಬರೇ ಬಂದು ಒಂದು ಚಿಟಿಕೆ ಕೇಳಿ ಹಾಕಿಸಿಕೊಳ್ಳುತ್ತಿದ್ದರು.

ಕೆಲಸದಲ್ಲಿ ಮಾತ್ರ ಅವರ ಮೇಲೆ ಯಾರಿಗೂ ಪ್ರೀತಿ ಇರಲಿಲ್ಲ. ಹಿಂದಿನಿಂದ ಎಲ್ಲರೂ ಅವರನ್ನು ‘ಕ್ವೆರಿ ಚೇಚಿ’, ಅಂದರೆ ಪ್ರಶ್ನೆಯ ಅಕ್ಕ, ಎನ್ನುತ್ತಿದ್ದರು. ಅವರ ಮೇಜಿಗೆ ಬಂದ ಅರ್ಜಿ ಒಂದು ಪ್ರಶ್ನೆಯನ್ನಾದರೂ ಅಂಟಿಸಿಕೊಳ್ಳದೆ ಮೇಲೆ ಹೋಗುತ್ತಿರಲಿಲ್ಲ. ಬಾಡಿಗೆ ಕರಾರಿನ ಎರಡನೆಯ ಪುಟ ಮಸುಕಾಗಿದೆ. ಫೋಟೊದ ಹಿನ್ನೆಲೆ ಬಿಳಿಯಾಗಿಲ್ಲ. ಕಾಲೇಜಿನ ಪತ್ರಕ್ಕೆ ಸೀಲಿದೆ, ದಿನಾಂಕವಿಲ್ಲ. ಅರ್ಜಿದಾರರು ಸರಿಪಡಿಸಿ ತಂದರೆ ಒಂದು ಸ್ವೀಕೃತಿ ಚೀಟಿ ಕೊಡುತ್ತಿದ್ದರು, ಎರಡು ತಿಂಗಳಿಗೆ ಮತ್ತೊಂದು ಪ್ರಶ್ನೆ. ಆ ಚೀಟಿಗೆ ಸೀಲು ಒತ್ತುವಾಗಿನ ಅವರ ಶ್ರದ್ಧೆಯನ್ನು ನೋಡಬೇಕಿತ್ತು. ಒತ್ತಿ, ಎತ್ತಿ, ಶಾಯಿ ಒಣಗಲಿ ಎಂದು ಬಾಯಿಯಿಂದ ಊದಿ, ಬೆಳಕಿಗೆ ಹಿಡಿದು ದಿನಾಂಕ ಓದಿ, ಆಮೇಲೇ ಕೈಗೆ ಕೊಡುವುದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಮಾತು ಇವರನ್ನು ನೋಡಿಯೇ ಹುಟ್ಟಿದೆ ಎಂದು ನಾನು ಗೆಳತಿಯರಿಗೆ ಫೋನಿನಲ್ಲಿ ಹೇಳಿ ನಗುತ್ತಿದ್ದೆ.

ಅವರ ಮೇಜಿಗೆ ಪದೇ ಪದೇ ಬರುತ್ತಿದ್ದವರಲ್ಲಿ ಕಾಬೂಲಿನ ಒಬ್ಬ ಹೆಂಗಸು ಇದ್ದಳು. ತಿರುವನಂತಪುರದಲ್ಲಿ ಎಂ.ಎ. ಓದಲು ಬಂದವಳು. ಓದುತ್ತಿರುವಾಗಲೇ ಅವಳ ದೇಶದಲ್ಲಿ ಸರ್ಕಾರ ಬಿದ್ದಿತು. ಬರುವ ಮೊದಲು ಅವಳು ಊರಿನ ರೇಡಿಯೊದಲ್ಲಿ ಸುದ್ದಿ ಓದುತ್ತಿದ್ದಳು. ಅಲ್ಲಿ ಜೊತೆಗೆ ಸುದ್ದಿ ಓದುತ್ತಿದ್ದ ಗೆಳತಿಯನ್ನು ಮನೆಯಿಂದ ಎಳೆದುಕೊಂಡು ಹೋಗಿ ಕೊಂದಿದ್ದರು. ತಾಯಿಯನ್ನು ಕರೆತರುತ್ತೇನೆಂದು ಹೋದ ಗಂಡನ ಸುದ್ದಿಯೇ ಇರಲಿಲ್ಲ. ಓದು ಮುಗಿಯಿತು, ವೀಸಾ ಮುಗಿಯಿತು. ಉಳಿದದ್ದು ಉಳ್ಳೂರಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆ ಮತ್ತು ಇಲ್ಲಿಯೇ ಹುಟ್ಟಿದ ನಾಲ್ಕು ವರ್ಷದ ಮಗಳು. ಅಂಗನವಾಡಿಗೆ ಹೋಗುತ್ತಿದ್ದ ಆ ಮಗು ಅಮ್ಮನ ಮಾತಿಗೂ ಮಲಯಾಳದಲ್ಲೇ ಉತ್ತರ ಕೊಡುತ್ತಿತ್ತು.

ಎರಡು ತಿಂಗಳಿಗೊಮ್ಮೆ ತಾಯಿ ಮಗಳು ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ರೈಲು ಹತ್ತಿ ಕೊಚ್ಚಿಗೆ ಬರುತ್ತಿದ್ದರು. ಅಕ್ಕಾರು ತಮ್ಮ ಧಾರವಾಡದ ಹಿಂದಿಯಲ್ಲಿ ಗದರಿಸುತ್ತಿದ್ದರು: ಇದಕ್ಕೆ ಜೆರಾಕ್ಸ್ ಸಾಲದು, ಅದಕ್ಕೆ ಸಹಿ ಇಲ್ಲ. ಹೆಂಗಸು ತಲೆ ಬಗ್ಗಿಸಿ ಕೇಳುತ್ತಿದ್ದಳು. ಅಕ್ಕಾರು ಗದರಿಸುತ್ತಲೇ ಮಗುವಿನ ಕೈಗೆ ಶೇಂಗಾ ಉಂಡೆ ಇಟ್ಟು, ಅವರಿಗೆ ಬರುತ್ತಿದ್ದ ಹತ್ತೋ ಹನ್ನೆರಡೋ ಮಲಯಾಳ ಪದಗಳನ್ನು ಅದರ ಮೇಲೆ ಖರ್ಚು ಮಾಡುತ್ತಿದ್ದರು.

ಒಂದು ದಿನ ನನಗೆ ತಡೆಯಲಾಗಲಿಲ್ಲ. “ಪಾಪ, ಆ ಹೆಂಗಸನ್ನ ಇನ್ನೂ ಎಷ್ಟು ಸಲ ಅಲೆಸ್ತೀರಿ ಅಕ್ಕಾರೆ? ಎಲ್ಲ ಕಾಗದಾನೂ ಇದೆ. ಮೇಲೆ ಕಳಿಸಿಬಿಟ್ರೆ ಅವಳ ಕಷ್ಟ ಮುಗಿಯುತ್ತಲ್ಲ?” ಎಂದೆ.

“ಮುಗೀತದ, ಮುಗೀತದ,” ಎಂದರು ಅಕ್ಕಾರು. “ಸರಕಾರಿ ಕೆಲಸದಾಗ ಮುಗಸೂದು ಭಾಳ ಸರಳ ತಂಗಿ.” ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು ಎಂದುಕೊಂಡು ನಾನು ನನ್ನ ಕಡತಕ್ಕೆ ತಿರುಗಿದೆ. ಸೋಮಾರಿತನವನ್ನು ಕೆಲವರು ಹೀಗೆ ವೇದಾಂತ ಮಾಡುತ್ತಾರೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಆ ವರ್ಷ ಬಾಕಿ ಅರ್ಜಿಗಳ ವಿಲೇವಾರಿ ಅಭಿಯಾನ ಬಂತು. ಇಂಥ ಅಭಿಯಾನಗಳನ್ನು ಕಂಡವರಿಗೆ ಗೊತ್ತು: ಗೋಡೆಗೆ ಚಾರ್ಟು, ಪ್ರತಿ ಸಂಜೆ ವಿಡಿಯೊ ಮೀಟಿಂಗು, ಯಾವ ವಿಭಾಗದಲ್ಲಿ ಎಷ್ಟು ಕಡತ ಮುಗಿಯಿತು ಎನ್ನುವ ಪೈಪೋಟಿ. ಅದೇ ಹೊತ್ತಿಗೆ ಅಕ್ಕಾರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮೂರು ವಾರ ರಜೆ ಹಾಕಿದರು. ವಿಭಾಗದ ಹೊಣೆ ನನಗೆ ಬಂತು. ಹೊಸ ನೀರಿಗೆ ಬಿದ್ದ ಮೀನಿನ ಹಾಗೆ ನಾನು ಓಡಾಡಿದೆ. ಅಕ್ಕಾರ ಹಳೆಯ ಕಡತಗಳನ್ನೆಲ್ಲ ತೆರೆದು ನೋಡಿದರೆ ಯಾವುದರಲ್ಲೂ ನಿಜವಾದ ಕೊರತೆಯೇ ಇರಲಿಲ್ಲ. ಒಂದೊಂದಕ್ಕೂ ‘ಎಲ್ಲ ದಾಖಲೆಗಳು ಸರಿಯಿವೆ, ನಿರ್ಧಾರಕ್ಕಾಗಿ ಸಲ್ಲಿಸಿದೆ’ ಎಂದು ಟಿಪ್ಪಣಿ ಬರೆದು ಮೇಲೆ ಕಳಿಸಿದೆ. ಕಾಬೂಲಿನ ಹೆಂಗಸಿನದು ಎಲ್ಲಕ್ಕಿಂತ ಮೊದಲು. ಉಪಕಾರ ಮಾಡಿದ ಸುಖವಿತ್ತು ನನಗೆ. ಅವಳಿಗೆ ಫೋನ್ ಮಾಡಿ, ಇನ್ನು ನೀನು ಕೊಚ್ಚಿಗೆ ಬರಬೇಕಾಗಿಲ್ಲ, ಕಡತ ಮೇಲೆ ಹೋಯಿತು ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅವಳು ಮಲಯಾಳದಲ್ಲಿ ಎರಡೇ ಪದ ಕೇಳಿದಳು: “ಮ್ಯಾಡಂ ಎವಿಡೆ?” ಮೇಡಂ ಎಲ್ಲಿ?

ನನ್ನ ಮಾತು ಅವಳಿಗೆ ತಿಳಿಯಲಿಲ್ಲ ಎಂದುಕೊಂಡು ಇನ್ನೊಮ್ಮೆ ನಿಧಾನವಾಗಿ ಬಿಡಿಸಿ ಹೇಳಿದೆ. ದೇವರೇ, ಎಷ್ಟು ನಿಧಾನವಾಗಿ ಹೇಳಿದೆ.

ಒಂಬತ್ತನೆಯ ದಿನ ಉತ್ತರ ಬಂತು. ಅರ್ಜಿ ತಿರಸ್ಕರಿಸಲಾಗಿದೆ, ಅರ್ಜಿದಾರರು ಹದಿನಾಲ್ಕು ದಿನಗಳಲ್ಲಿ ದೇಶ ಬಿಡತಕ್ಕದ್ದು. ಒಂದೂವರೆ ಸಾಲು. ಮರುದಿನ ಸಾಹೇಬರು ನನಗೆ ಅಭಿಯಾನದ ಪ್ರಶಂಸಾಪತ್ರ ಕೊಟ್ಟರು, ಫೋಟೊ ಕೂಡ ತೆಗೆದರು. ಎರಡೂ ಒಂದೇ ವಾರದಲ್ಲಿ ನಡೆದದ್ದು.

ಅಕ್ಕಾರು ಕಪ್ಪು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಬಂದಾಗ ಹದಿನಾಲ್ಕರಲ್ಲಿ ಮೂರು ದಿನ ಕಳೆದಿತ್ತು. ಆದೇಶವನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ನನ್ನನ್ನು ಎದುರಿಗೆ ಕೂರಿಸಿಕೊಂಡು, ಅದುವರೆಗೂ ಯಾರಿಗೂ ಹೇಳದಿದ್ದುದನ್ನು ಹೇಳಿದರು.

“ನಮ್ಮ ದೇಶದಾಗ ಆಸರಾ ಕೇಳ್ಕೊಂಡ ಬಂದವರಿಗಂತನ ಒಂದು ಕಾಯ್ದೆ ಇಲ್ಲ ತಂಗಿ. ಇರೂದೆಲ್ಲಾ ಸುತ್ತೋಲೆ. ಒಬ್ಬರಿಗೆ ಹೂಂ ಅಂದ್ರ ಹೂಂ, ಊಹೂಂ ಅಂದ್ರ ಊಹೂಂ. ಯಾಕ ಅಂತ ಕೇಳೂ ಹಂಗಿಲ್ಲ. ಆದ್ರ ಅರ್ಜಿ ಬಾಕಿ ಇರೂತನಕ ಯಾರೂ ಹೊರಗ ಹಾಕೂದಿಲ್ಲ. ನಾ ಕೊಡೂ ಆ ಚೀಟಿ ತೋರಿಸಿನ ಅಕಿ ಮನಿ ಹಿಡದಾಳ, ಕೂಸಿನ ಅಂಗನವಾಡಿಗೆ ಹಾಕ್ಯಾಳ. ಎರಡು ವರ್ಷ ಆತು. ಇನ್ನೊಂದೆರಡು ವರ್ಷ ಎಳದಿದ್ರ ಬ್ಯಾರೆ ಯಾವದರ ದೇಶ ಕರ್ಕೋತಿತ್ತು. ಅದಕ್ಕೂ ಅರ್ಜಿ ಹಾಕಿದ್ದಳು ಅಕಿ.”

“ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಅಕ್ಕಾರೆ,” ಎಂದೆ.

“ಬಾಯಿಬಿಟ್ಟು ಹೇಳಿದ್ರ ಅದು ಅಪರಾಧ. ಹೇಳದ ಮಾಡಿದ್ರ ಅದು ಆಫೀಸಿನ ರೀತಿ. ಅದಕ್ಕ ಹೇಳಲಿಲ್ಲ. ಹೇಳಬೇಕಿತ್ತು ಬಿಡು, ನಂದ ತಪ್ಪು.”

ನಾನು ಉಪಕಾರವೆಂದು ಕಸಿದದ್ದು ಏನನ್ನು ಎಂದು ಆಗ ಅರ್ಥವಾಯಿತು. ಎರಡು ವರ್ಷ ಒಬ್ಬ ಹೆಂಗಸು ಹಠ ಹಿಡಿದು, ಕೆಟ್ಟ ಹೆಸರು ಹೊತ್ತು, ಮಸುಕಾದ ಪುಟ ಮತ್ತು ಬಿಳಿಯಲ್ಲದ ಫೋಟೊಗಳಿಂದ ಇನ್ನೊಬ್ಬ ಹೆಂಗಸನ್ನು ಬದುಕಿಸಿದ್ದರು. ಅದನ್ನು ನಾನು ಒಂದು ಮಧ್ಯಾಹ್ನದಲ್ಲಿ, ಕಾಫಿ ಕುಡಿಯುತ್ತ ಮುಗಿಸಿದ್ದೆ.

ಅಂದೇ ಅಕ್ಕಾರು ಒಂದು ಟಿಪ್ಪಣಿ ಬರೆದರು. ಮಗುವಿನ ಪೋಷಣೆಯ ಬಗ್ಗೆ ತಾವು ಕೇಳಿದ್ದ ಒಂದು ಪ್ರಶ್ನೆಗೆ ಅರ್ಜಿದಾರಳು ಉತ್ತರ ಕೊಟ್ಟಿದ್ದಳು, ಅದು ತಮ್ಮ ಮೇಜಿನ ಡ್ರಾಯರಿನಲ್ಲೇ ಉಳಿದುಹೋಯಿತು, ಆದ್ದರಿಂದ ಅಪೂರ್ಣ ಕಡತದ ಮೇಲೆ ಆದ ಆದೇಶವನ್ನು ಹಿಂಪಡೆಯಬೇಕು, ಈ ಲೋಪಕ್ಕೆ ತಾವೊಬ್ಬರೇ ಹೊಣೆ. ಅಂಥ ಉತ್ತರವೇ ಇರಲಿಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ಅವರು ಕಾಗದದ ಮೇಲೆ ಬರೆದ ಮೊದಲ ಸುಳ್ಳು ಅದು. ನಿವೃತ್ತಿಗೆ ಏಳು ತಿಂಗಳು ಬಾಕಿ ಇತ್ತು.

ಸಾಹೇಬರು ಓದಿ ನನ್ನನ್ನು ಕರೆಸಿದರು. ಡ್ರಾಯರಿನಲ್ಲಿ ಆ ಕಾಗದ ಇದ್ದದ್ದು ನಿಜವೇ ಎಂದು ಕೇಳಿದರು. ಕಡತವನ್ನು ಮೇಲೆ ಕಳಿಸಿದವಳು ನಾನು, ಲೋಪ ನನ್ನದು, ಕಾಗದ ಡ್ರಾಯರಿನಲ್ಲಿ ಉಳಿದದ್ದಕ್ಕೆ ನನಗೇ ಮೆಮೊ ಕೊಡಿ ಎಂದು ಹೇಳಬಹುದಿತ್ತು. “ಇತ್ತು ಸಾರ್,” ಎಂದೆ, ಅಷ್ಟೇ. ಅಕ್ಕಾರ ಸುಳ್ಳನ್ನು ಉಳಿಸಲು ಹಾಗೆ ಹೇಳಿದೆನೋ ನನ್ನ ಪ್ರಶಂಸಾಪತ್ರ ಉಳಿಸಿಕೊಳ್ಳಲು ಹೇಳಿದೆನೋ, ಇಂದಿಗೂ ಬಿಡಿಸಲಾರೆ. ಬಿಡಿಸಲಾರೆ ಎನ್ನುವುದೂ ಒಂದು ನೆಪವೇ ಇರಬಹುದು.

ಹನ್ನೆರಡನೆಯ ದಿನ ಸಂಜೆ ಆದೇಶ ಹಿಂಪಡೆದ ಪತ್ರ ಬಂತು. ಹೆಂಗಸಿಗೆ ಫೋನ್ ಮಾಡಿದರೆ ಹೋಗಲಿಲ್ಲ, ಅರ್ಜಿ ಹೋದೊಡನೆ ಅವಳ ಸಿಮ್ಮೂ ಸತ್ತಿತ್ತು. ಇಮೇಲಿಗೆ ಉತ್ತರವಿಲ್ಲ. ಮರುದಿನ ಬೆಳಿಗ್ಗೆ ನಾವಿಬ್ಬರೂ ಪತ್ರ ಹಿಡಿದು ಆಲುವದಲ್ಲಿ ರೈಲು ಹತ್ತಿದೆವು. ಅಕ್ಕಾರು ಅಂದು ನಿದ್ದೆ ಮಾಡಲಿಲ್ಲ. ಒಂದೊಂದು ನಿಲ್ದಾಣದಲ್ಲಿಯೂ ಗಡಿಯಾರ ನೋಡಿಕೊಂಡರು. ತಂಪಾನೂರಿನಲ್ಲಿ ಇಳಿದು ಆಟೊ ಹಿಡಿದು ಉಳ್ಳೂರಿಗೆ ಹೋದರೆ ಮನೆಯೊಡತಿ ಕೋಣೆ ಗುಡಿಸುತ್ತಿದ್ದಳು. ಅಂಗಳದಲ್ಲಿ ಮಗುವಿನ ಒಂದು ಚಾಪೆ ಒಣಹಾಕಿತ್ತು.

“ಹೋಗಿ ಎರಡು ಗಂಟೆ ಆಯ್ತು. ಏರ್‌ಪೋರ್ಟಿಗೆ,” ಎಂದಳು ಆಕೆ ಮಲಯಾಳದಲ್ಲಿ. “ಇನ್ನೂ ಒಂದು ದಿನ ಇದೆಯಲ್ಲ ಮಗಳೇ, ಇರು ಅಂದೆ. ನಾಳೆ ಪೊಲೀಸ್ ಬಂದ್ರೆ ನಿಮ್ಮ ಹೆಸರು ಕೆಡುತ್ತೆ ಅಮ್ಮಾ ಅಂದಳು.”

ವಿಮಾನ ನಿಲ್ದಾಣದಲ್ಲಿ ನಮ್ಮ ಗುರುತಿನ ಚೀಟಿ ತೋರಿಸಿ ಒಳಗೆ ಹೋದೆವು. ಹೊರಹೋಗುವವರ ಪಾಸ್‌ಪೋರ್ಟ್ ನೋಡುವ ಕೌಂಟರಿನ ಅಧಿಕಾರಿಗೆ ಅಕ್ಕಾರ ಪರಿಚಯವಿತ್ತು. ಅವರು ಎದ್ದು ನಿಂತೇ ಮಾತಾಡಿದರು. ಅರ್ಧ ಗಂಟೆಯ ಹಿಂದೆ ಅವಳಿಗೆ ನಿರ್ಗಮನದ ಸೀಲು ಒತ್ತಿದ್ದರು. ಶಾರ್ಜಾಕ್ಕೆ ಹೋಗುವ ವಿಮಾನ ಇನ್ನೂ ಎದ್ದಿರಲಿಲ್ಲ.

“ಸೀಲು ಕ್ಯಾನ್ಸಲ್ ಮಾಡ್ರಿ. ಆದೇಶ ಹಿಂದ ತಗೊಂಡಾರ, ನೋಡ್ರಿ,” ಎಂದು ಅಕ್ಕಾರು ಪತ್ರ ಚಾಚಿದರು. ಅವಸರದಲ್ಲಿ ಕನ್ನಡದಲ್ಲೇ ಹೇಳಿಬಿಟ್ಟಿದ್ದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ.

ಅಧಿಕಾರಿ ಪತ್ರವನ್ನು ಎರಡು ಸಲ ಓದಿದರು. “ಚೇಚಿ, ಇದರಲ್ಲಿ ಏನಿದೆ? ಅರ್ಜಿ ಮತ್ತೆ ಪರಿಶೀಲನೆಯಲ್ಲಿದೆ ಅಂತ. ಅಷ್ಟೇ. ಅರ್ಜಿ ಬಾಕಿ ಇದ್ದರೆ ಒಳಗಿರೋರು ಒಳಗಿರಬಹುದು, ಸರಿ. ಇವರು ಗೆರೆ ದಾಟಿ ಆಯ್ತು, ಈಗ ಹೊರಗಿನವರು. ವಾಪಸ್ ಒಳಗೆ ಬಿಡಬೇಕಾದರೆ ನನಗೆ ವೀಸಾ ಬೇಕು. ಯಾವ ವೀಸಾ ಮೇಲೆ ಬಿಡಲಿ? ನೀವೇ ಹೇಳಿ.”

ಅಕ್ಕಾರಿಗೆ ಉತ್ತರ ಗೊತ್ತಿರಲಿಲ್ಲ ಎಂದಲ್ಲ. ಉತ್ತರ ಇರಲಿಲ್ಲ. ಎರಡು ವರ್ಷ ಅವರು ಕಟ್ಟಿಕೊಟ್ಟಿದ್ದ ಮನೆಗೆ ಒಳಗಿನಿಂದ ಮಾತ್ರ ಬಾಗಿಲಿತ್ತು. ಅವರು ಎರಡೂ ಕೈ ಜೋಡಿಸಿದರು. ಯಾವ ಸಾಹೇಬರ ಮುಂದೆಯೂ ಹಾಗೆ ನಿಂತವರಲ್ಲ. ಅಧಿಕಾರಿ ಅವರ ಕೈ ಹಿಡಿದು ಇಳಿಸಿ, ಮೇಲಿನವರಿಗೆ ಫೋನ್ ಹಚ್ಚಿದರು. ಇನ್ನೊಬ್ಬರಿಗೆ ಹಚ್ಚಿದರು. ಮೂರನೆಯ ಫೋನಿನ ನಡುವೆ ವಿಮಾನ ಹೊರಟಿತು ಎಂದು ಫಲಕದಲ್ಲಿ ಬಂತು.

ಅಕ್ಕಾರು ಅಲ್ಲೇ ಕುರ್ಚಿಯಲ್ಲಿ ಕೂತು, ಪೊರೆ ತೆಗೆಸಿದ ಕಣ್ಣಿಗೆ ನೀರು ತಾಗಬಾರದೆಂದು ವೈದ್ಯರು ಹೇಳಿದ್ದರೂ ಅತ್ತರು. ನಾನು ಕರ್ಚೀಫು ಕೊಟ್ಟೆ. ಬೇರೆ ಏನು ಕೊಡಲು ಬರುತ್ತಿತ್ತು ನನಗೆ?

ಆಮೇಲಿನದು ಬೇಗ ಹೇಳಿ ಮುಗಿಸುವಂಥದ್ದು. ದಾಖಲೆ ಬಚ್ಚಿಟ್ಟದ್ದಕ್ಕೆ ಅಕ್ಕಾರಿಗೆ ಮೆಮೊ ಬಂತು, ವಿಚಾರಣೆ ನಡೆಯಿತು. ವಿಚಾರಣೆ ಮುಗಿಯುವ ಮುನ್ನವೇ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸುವಾಗ ಯಾರೋ ‘ಕ್ವೆರಿ ಚೇಚಿ’ ಎಂದು ನಕ್ಕರು. ಅಕ್ಕಾರೂ ನಕ್ಕರು. ನಾನು ಮಾತ್ರ ನಗಲಿಲ್ಲ, ಮಾತೂ ಆಡಲಿಲ್ಲ. ಅಕ್ಕಾರು ತಿರುವನಂತಪುರದಲ್ಲಿದ್ದ ತಮ್ಮ ಒಡಹುಟ್ಟಿದ ತಂಗಿಯ ಮನೆಗೆ ಹೋಗಿ ನೆಲೆಸಿದರು. ಅಲ್ಲಿಯೇ ಕಾಯಿಲೆ ಶುರುವಾಯಿತು.

ಆಸ್ಪತ್ರೆಗೆ ಹೋದಾಗ ತಪ್ಪೊಪ್ಪಿಕೊಳ್ಳಬೇಕೆಂದು ರೈಲಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಯಿ ತೆರೆಯುವ ಮೊದಲೇ ಅವರು ಕೇಳಿದರು: “ಅಕಿದು ಏನರ ಸುದ್ದಿ ಬಂತೇನು?”

“ಚೆನ್ನಾಗಿದ್ದಾರಂತೆ ಅಕ್ಕಾರೆ. ಮಗೂನೂ ಚೆನ್ನಾಗಿದೆ.”

ಅವರು ನನ್ನನ್ನೇ ನೋಡಿದರು. “ಸುಳ್ಳು ಹೇಳ್ಲಿಕ್ಕೆ ನಿನಗ ಬರೂದಿಲ್ಲ ತಂಗಿ. ನಾ ಬರದ ಸುಳ್ಳು ಕಾಗದದ ಮ್ಯಾಲರ ನಿಂತಿತ್ತು. ಖರೇ ಏನದ ಓದು.”

ಫೋನ್ ತೆಗೆದು ಓದಿದೆ. ಆ ಹೆಂಗಸು ಬೇರೊಂದು ನಂಬರಿನಿಂದ ಕಳಿಸಿದ್ದ ಒಂದೇ ಸಂದೇಶ. ತಾಯಿ ಮಗಳು ಕಾಬೂಲಿನಲ್ಲಿ ದೂರದ ಸಂಬಂಧಿಕರ ಹಿತ್ತಲ ಕೋಣೆಯಲ್ಲಿ ಅಡಗಿಕೊಂಡಿದ್ದರು. ‘ಮಗಳಿಗೆ ಇಲ್ಲಿಯ ಮಾತು ಬರುವುದಿಲ್ಲ. ಅವಳ ಮಲಯಾಳ ಕೇಳಿದರೆ ನಾವು ಹೊರಗಿನಿಂದ ಬಂದವರೆಂದು ಬೀದಿಗೆ ತಿಳಿಯುತ್ತದೆ. ಆದ್ದರಿಂದ ಹೊರಗೆ ಬಾಯಿ ತೆರೆಯಬೇಡ ಎಂದು ಹೇಳಿದೆ. ಈಗ ಅವಳು ಕೋಣೆಯೊಳಗೂ ಮಾತಾಡುತ್ತಿಲ್ಲ, ಮೇಡಂ.’

ಅಕ್ಕಾರು ಕಣ್ಣು ಮುಚ್ಚಿಕೊಂಡು ಕೇಳಿದರು. “ಉತ್ತರ ಬರದಿ?” ಎಂದರು.

“ಬರೆದೆ. ತಪ್ಪು ನಂದು, ಕಡತ ಮೇಲೆ ಕಳಿಸಿದವಳು ನಾನೇ, ಕ್ಷಮಿಸು ಅಂತ ಬರೆದೆ. ಮುಟ್ಟಿಲ್ಲ ಅಕ್ಕಾರೆ. ಒಂದೇ ಟಿಕ್ ಇದೆ.”

“ನಿನ್ನ ತಪ್ಪು ತಗೊಂಡು ಅಕಿ ಏನ ಮಾಡ್ಯಾಳು?” ಎಂದರು. ದನಿಯಲ್ಲಿ ಸಿಟ್ಟಿತ್ತು, ನನ್ನ ಮೇಲೆ ಅವರು ಸಿಟ್ಟಾದದ್ದು ಅದೊಂದೇ ಸಲ. “ಆ ಕೂಸಿಗೆ ಎರಡು ಮಾತು ಮಾತಾಡಿ ಕಳಸಬೇಕಿತ್ತು. ಅದರ ಮಾತಿನಾಗ. ತಾ ಇಲ್ಲೆ.”

ನಾನು ವಾಯ್ಸ್ ಮೆಸೇಜಿನ ಗುಂಡಿ ಒತ್ತಿ ಫೋನನ್ನು ಅವರ ಬಾಯಿಯ ಹತ್ತಿರ ಹಿಡಿದೆ. ಅಕ್ಕಾರು ಉಸಿರು ಎಳೆದುಕೊಂಡು, ಧಾರವಾಡದ ನಾಲಗೆಯಲ್ಲಿ, ಪ್ರತಿಯೊಂದು ಅಕ್ಷರ ಕೇಳುವ ಹಾಗೆ ಕೇಳಿದರು: “ಮೋಳೇ, ಚೋರ್ ಉಂಡೋ?” ಮಗಳೇ, ಊಟ ಆಯಿತೇ?

ಅದನ್ನು ಅಲ್ಲಿಯೇ ಕಳಿಸಿದೆ. ಅದಕ್ಕೂ ಒಂದೇ ಟಿಕ್. ಇವತ್ತು ಬೆಳಿಗ್ಗೆಯೂ ನೋಡಿದೆ.